ಐದೂವರೆಯ ಕಾಳಗ

ಸೋಮವಾರ ಸಂಜೆ ಆರಕ್ಕೆ ಎರಡು ನಿಮಿಷ ಬಾಕಿ ಇರುವಾಗ ರಾಕ್ಷಸರ ದೊರೆ ಬಲಗೈ ಮೇಲೆತ್ತಿದ. ಅವನೆದುರು ಬೆಟ್ಟದ ತುದಿಯಲ್ಲಿ ಕೆಂಪು ಸೊಂಟಪಟ್ಟಿಯ ಹುಡುಗ ಕಾಲು ಅಗಲಿಸಿ ನಿಂತ. ಗಾಳಿ ಬೀಸಿತು, ಕಲ್ಲುಗಳು ಉರುಳಿದವು, ಇಬ್ಬರ ಕಣ್ಣುಗಳೂ ಸರದಿಯ ಮೇಲೆ ಟೀವಿ ತುಂಬ ಕಂಡವು. ಇನ್ನೇನು ಏಟು ಬೀಳಬೇಕು, ಅಷ್ಟರಲ್ಲಿ ಅಂದಿನ ಕಂತು ಮುಗಿದು ಟೂತ್‌ಪೇಸ್ಟಿನ ಜಾಹೀರಾತು ಶುರುವಾಯಿತು. ಷಡಕ್ಷರಪ್ಪನವರಿಗೆ ಆ ರಾತ್ರಿ ಸರಿಯಾಗಿ ನಿದ್ದೆಯೇ ಹತ್ತಲಿಲ್ಲ.

ಷಡಕ್ಷರಪ್ಪನವರಿಗೆ ನಲವತ್ತೇಳು ವರ್ಷ. ಭದ್ರಾವತಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಳು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದರೆ ಎಂಟನೇ ತರಗತಿಯ ಗಲಾಟೆ ನೀರು ಬಿದ್ದ ಒಲೆಯಂತೆ ನಂದಿಹೋಗುತ್ತಿತ್ತು. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಅವರೇ ಮೈಕು ಹಿಡಿದು, "ಈ ಕಾರ್ಟೂನ್ ನೋಡಿ ನೋಡಿ ನಿಮ್ಮ ಮಕ್ಕಳ ತಲೆ ಮೊಸರಾಗ್ತಿದೆ. ಕೇಬಲ್ ಕಿತ್ತು ಬಿಸಾಕಿ!" ಎಂದು ಗುಡುಗಿದ್ದರು. ನಾಲ್ಕು ಮನೆಯವರು ಕಿತ್ತು ಬಿಸಾಕಿಯೂ ಇದ್ದರು. ಅದೇ ಸಂಜೆ ಮೇಷ್ಟ್ರು ಮನೆಗೆ ಬಂದು, ಮುಂಬಾಗಿಲ ಚಿಲಕ ಹಾಕಿ, ಐದೂವರೆಗೆ ಸರಿಯಾಗಿ ಕಾರ್ಟೂನಿನ ಮುಂದೆ ಕುಳಿತಿದ್ದರು.

ಇದು ಹತ್ತಿಕೊಂಡದ್ದು ಹಿಂದಿನ ವರ್ಷ ಕಾಮಾಲೆಯಾಗಿ ಮೂರು ವಾರ ಮಲಗಿದ್ದಾಗ. ಕಾಮಾಲೆ ಇಳಿಯಿತು, ಇದು ಇಳಿಯಲಿಲ್ಲ. ಹೆಂಡತಿ ಜಯಶೀಲಾ ಐದರಿಂದ ಆರೂಕಾಲಿನವರೆಗೆ ಎದುರುಮನೆ ಸಾವಿತ್ರಮ್ಮನವರ ಮಹಡಿಗೆ ವಚನ ಗಾಯನದ ಅಭ್ಯಾಸಕ್ಕೆ ಹೋಗುತ್ತಿದ್ದುದು ಅವರ ಪುಣ್ಯ. ಅವಳು ಬರುವ ಹೊತ್ತಿಗೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪೇಪರ್ ತಿದ್ದುತ್ತಿರುತ್ತಿದ್ದರು. ಪ್ರತಿ ಸಲ ಅವಳು "ಸುಸ್ತಾಯ್ತೇನ್ರೀ?" ಎಂದು ಕಾಫಿ ಕೊಟ್ಟಾಗ ಅವರಿಗೆ ಲೋಟ ಹಿಡಿಯಲು ನಾಚಿಕೆಯಾಗುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನೋಟೀಸು ಬಂತು. ನಾಲ್ಕೂಕಾಲಿಗೆ ಎಲ್ಲ ಶಿಕ್ಷಕರ ಸಭೆ, ಯಾರೂ ತಪ್ಪಿಸಬಾರದು.

ಮೇಷ್ಟ್ರು ನೋಟೀಸನ್ನು ಎರಡು ಸಲ ಓದಿದರು. ಹೆಡ್‌ಮಾಸ್ಟರ್ ಭೈರಪ್ಪನವರ ಸಭೆ ಎಂದರೆ ಆರು ಗಂಟೆಗೆ ಮೊದಲು ಮುಗಿದ ದಾಖಲೆಯಿಲ್ಲ. ಹದಿನೇಳು ದಿನದಿಂದ ಆ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನಿಂತಿದ್ದಾರೆ, ಇವತ್ತು ಹೊಡೆದಾಟ. ಇವತ್ತೇ ಸಭೆ!

ಅವರು ಹೆಡ್‌ಮಾಸ್ಟರ ಕೋಣೆಗೆ ಹೋಗಿ ಮೇಜಿನ ಅಂಚು ಹಿಡಿದು ನಿಂತರು.

"ಸಾರ್, ನಾನು ಸ್ವಲ್ಪ ಬೇಗ ಹೋಗ್ಬೇಕಿತ್ತು. ಮನೆಯವಳಿಗೆ ಹುಷಾರಿಲ್ಲ."

ಇಪ್ಪತ್ಮೂರು ವರ್ಷದ ಸರ್ವಿಸಿನಲ್ಲಿ ಅದು ಅವರ ಮೊದಲ ಸುಳ್ಳು. ಬಾಯಿಂದ ಹೊರಬಿದ್ದ ಕೂಡಲೇ ಅದಕ್ಕೆ ಕೈಕಾಲು ಮೂಡತೊಡಗಿದವು.

"ಅಯ್ಯೋ! ಏನಾಗಿದೆ?" ಭೈರಪ್ಪನವರು ಪೆನ್ನು ಕೆಳಗಿಟ್ಟರು.

"ಹೊಟ್ಟೆನೋವು ಸಾರ್."

"ನಿಮಗೆ ಹೆಂಗೆ ಗೊತ್ತಾಯ್ತು? ಸ್ಕೂಲಿನ ಫೋನು ನನ್ನ ಟೇಬಲ್ ಮೇಲೇ ಇದೆಯಲ್ರೀ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ಅದು."

ಮೇಷ್ಟ್ರು ಗೇಟಿನ ಕಡೆ ಕೈ ತೋರಿಸಿದರು. "ನಮ್ಮ ಬೀದಿಯವನೊಬ್ಬ ಬಸ್ ಕಂಡಕ್ಟರ್ ಇದಾನೆ ಸಾರ್. ಗೇಟ್ ಹತ್ರ ಹೇಳಿ ಹೋದ."

"ಕಂಡಕ್ಟರ್ ಕೈಲಿ ಹೇಳಿ ಕಳಿಸಿದಾರೆ ಅಂದ್ರೆ ಜೋರೇ ಇರಬೇಕು. ಜನಾರ್ದನಾ! ಬಾರಪ್ಪಾ ಇಲ್ಲಿ!"

ಜನಾರ್ದನ ಡ್ರಿಲ್ ಮಾಸ್ಟರು. ಪರೋಪಕಾರ ಮಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೊಟ್ಟೆನೋವು ಎಂದು ಕೇಳಿದ್ದೇ, "ಬಲಗಡೆನಾ ಎಡಗಡೆನಾ ಸಾರ್?" ಎಂದ.

"ಬ... ಬಲಗಡೆ."

"ಮುಗೀತು! ಅಪೆಂಡಿಕ್ಸ್! ನಮ್ಮ ಅತ್ತಿಗೆಗೂ ಹಿಂಗೇ ಆಗಿದ್ದು. ಬಸ್ಸಿಗೆ ಕಾಯ್ಬೇಡಿ, ನನ್ನ ಸ್ಕೂಟರ್ ಹತ್ತಿ."

"ನೀನು ಮೀಟಿಂಗಿಗೆ ಇರಬೇಕಲ್ಲಪ್ಪಾ..." ಎಂದರು ಮೇಷ್ಟ್ರು.

"ಮೀಟಿಂಗ್ ಮನೆ ಹಾಳಾಯ್ತು ಮಾರಾಯ್ರೇ, ಅಲ್ಲಿ ಒಂದು ಜೀವ ಒದ್ದಾಡ್ತಾ ಇದೆ!"

ಭೈರಪ್ಪನವರು ಕಣ್ಣೊರೆಸಿಕೊಂಡು ಇಬ್ಬರನ್ನೂ ಬೀಳ್ಕೊಟ್ಟರು. ಗೇಟಿನವರೆಗೆ ಬಂದ ಸಹೋದ್ಯೋಗಿಗಳೆಲ್ಲ ಧೈರ್ಯ ಹೇಳಿದರು. ಒಬ್ಬರು ದೇವರ ವಿಭೂತಿ ತಂದು ಮೇಷ್ಟ್ರ ಹಣೆಗೆ ಹಚ್ಚಿದರು. ಆ ವಿಭೂತಿ ಭದ್ರಾವತಿಯಿಂದ ಶಿವಮೊಗ್ಗದವರೆಗೂ ಅವರ ಹಣೆಯ ಮೇಲೆ ಕೆಂಡದ ಹಾಗೆ ಸುಡುತ್ತಿತ್ತು.

ಊರು ಹತ್ತಿರವಾದಂತೆ ಮೇಷ್ಟ್ರಿಗೆ ಹೊಸ ಭಯ ಹುಟ್ಟಿತು. ಇವನು ಮನೆಗೆ ಬಂದರೆ, ಸಾವಿತ್ರಮ್ಮನವರ ಮಹಡಿಯಿಂದ ಗಟ್ಟಿ ದನಿಯಲ್ಲಿ ವಚನ ಹಾಡುತ್ತಿರುವ ಅಪೆಂಡಿಕ್ಸ್ ರೋಗಿಯನ್ನು ಕಾಣಬೇಕಾಗುತ್ತದೆ.

"ಜನಾರ್ದನಾ, ನನ್ನ ಇಲ್ಲೇ ಇಳಿಸಿಬಿಡಪ್ಪಾ. ಇಲ್ಲಿಂದ ನಡ್ಕೊಂಡು ಹೋಗ್ತೀನಿ."

"ಎಂಥಾ ಮಾತಾಡ್ತೀರಾ ಸಾರ್! ಮನೆಗೆ ಬಂದು ನಾನೇ ಎತ್ಕೊಂಡು ಆಸ್ಪತ್ರೆಗೆ ಹಾಕ್ತೀನಿ."

"ಬೇಡ ಬೇಡ! ಅವಳು ಆಗಲೇ... ಆಸ್ಪತ್ರೆಗೆ ಸೇರಿದಾಳೆ ಅಂತ ಕಾಣುತ್ತೆ. ಸವಳಂಗ ರಸ್ತೇಲಿ ಒಂದು ನರ್ಸಿಂಗ್ ಹೋಮ್ ಇದೆಯಲ್ಲ, ಅಲ್ಲಿ."

"ಮೊದಲೇ ಹೇಳೋದಲ್ವಾ ಸಾರ್!" ಎಂದ ಜನಾರ್ದನ ಸ್ಕೂಟರನ್ನು ಸವಳಂಗ ರಸ್ತೆಗೆ ತಿರುಗಿಸಿದ.

ನರ್ಸಿಂಗ್ ಹೋಮಿನ ಗಡಿಯಾರದಲ್ಲಿ ಐದು ಗಂಟೆ ಇಪ್ಪತ್ತೆಂಟು ನಿಮಿಷ. ಇವನನ್ನು ಹೇಗಾದರೂ ಸಾಗಹಾಕಿ ಆಟೋ ಹಿಡಿದು ಮನೆ ಸೇರಿದರೆ ಮೊದಲ ಏಟು ತಪ್ಪಿದರೂ ಕೊನೆಯ ಏಟು ಸಿಗುತ್ತದೆ ಎಂದು ಮೇಷ್ಟ್ರು ಲೆಕ್ಕ ಹಾಕುತ್ತ ಒಳಗೆ ಕಾಲಿಟ್ಟರು. ಕಾಲು ಅಲ್ಲೇ ನಿಂತಿತು. ರೋಗಿಗಳ ಕಡೆಯವರು ಕೂರುವ ಜಾಗದಲ್ಲಿ, ಗೋಡೆಯ ಮೇಲೆತ್ತರಕ್ಕೆ, ಒಂದು ಟೀವಿ. ಅದರ ಕೆಳಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹತ್ತು ವರ್ಷದ ಹುಡುಗಿಯೊಬ್ಬಳು ರಿಮೋಟ್ ಹಿಡಿದು ಕುಳಿತಿದ್ದಳು. ಟೀವಿಯಲ್ಲಿ ಅದೇ ಹಾಡು, ಅದೇ ಬೆಟ್ಟ.

ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಜನಾರ್ದನ ಅವರ ಭುಜ ತಟ್ಟಿ, "ನೀವು ಕೂತ್ಕೊಳಿ, ನಾನು ವಿಚಾರಿಸ್ತೀನಿ. ಅಕ್ಕೋರ ಹೆಸರೇನು ಸಾರ್?" ಎಂದ.

"ಜಯಶೀಲಾ," ಎಂದರು ಮೇಷ್ಟ್ರು, ಟೀವಿಯಿಂದ ಕಣ್ಣು ಕೀಳದೆ.

ಆದರೆ ಟೀವಿಯಲ್ಲಿ ಏನೋ ಎಡವಟ್ಟಾಗಿತ್ತು. ರಾಕ್ಷಸರ ದೊರೆ ಎತ್ತಿದ ಕೈ ಏನಾಯಿತೋ ದೇವರಿಗೇ ಗೊತ್ತು. ಕೆಂಪು ಪಟ್ಟಿಯ ಹುಡುಗ ಯಾವುದೋ ಹಳ್ಳಿಯಲ್ಲಿ ಗಂಜಿ ಕುಡಿಯುತ್ತಿದ್ದ. ಅಷ್ಟರಲ್ಲಿ ಒಂದು ನರಿ ಬಂದು ಅವನ ಮುದಿಗುರುವಿನ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಓಡಿತು. ಜಗತ್ತನ್ನೇ ಉಳಿಸಬೇಕಾದ ಹುಡುಗ ಆ ಚಪ್ಪಲಿಯ ಹಿಂದೆ ಬಿದ್ದ.

ಇರಲಿ, ಒಂದೆರಡು ನಿಮಿಷದಲ್ಲಿ ಬೆಟ್ಟಕ್ಕೆ ಬರುತ್ತಾನೆ ಎಂದು ಮೇಷ್ಟ್ರು ಕಾದರು. ನರಿ ಹೊಳೆ ದಾಟಿತು. ಹುಡುಗನೂ ದಾಟಿದ.

"ಸಾರ್!" ಜನಾರ್ದನ ಏದುಸಿರು ಬಿಡುತ್ತ ಓಡಿ ಬಂದ. "ಜಯಶೀಲಾ, ರವೀಂದ್ರನಗರ. ಅವರೇ ಅಲ್ವಾ?"

"ಹೂಂ ಹೂಂ." ನರಿ ಮರ ಹತ್ತಿತ್ತು.

"ಸಾರ್, ಅದು ಅಪೆಂಡಿಕ್ಸ್ ಅಲ್ಲ! ಹೆರಿಗೆ ವಾರ್ಡಲ್ಲಿದಾರೆ! ಗಂಡು ಮಗು, ಮೂರು ಕೇಜಿ!"

"ಹೌದಾ? ಒಳ್ಳೇದು, ಒಳ್ಳೇದು."

"ಈ ವಯಸ್ಸಲ್ಲಿ ಸಂಕೋಚ ಅಂತ ಮುಚ್ಚಿಟ್ಟಿದ್ರಾ ಸಾರ್? ಹೊಟ್ಟೆನೋವು ಅಂತ ಹೇಳಿದ್ರಲ್ಲಾ!" ಜನಾರ್ದನನ ಕಣ್ಣಲ್ಲಿ ನೀರು. "ತಪ್ಪೇನಿದೆ ಅದ್ರಲ್ಲಿ? ಹೆಡ್‌ಮಾಸ್ಟ್ರಿಗೆ ಈಗ್ಲೇ ಫೋನ್ ಮಾಡ್ತೀನಿ. ಮೀಟಿಂಗಲ್ಲಿ ಎಲ್ರೂ ಇರ್ತಾರೆ."

ಅವನು ಹೊರಗೋಡಿದ. ಮತ್ತೆ ಬಂದು ಮೇಷ್ಟ್ರ ಬಾಯಿಗೆ ಏನನ್ನೋ ತುರುಕಿದ. ಮೇಷ್ಟ್ರು ಅಗಿದರು. "ಎಲ್ರನ್ನೂ ಕರ್ಕೊಂಡು ಬರ್ತೀನಿ" ಎಂದೋ ಏನೋ ಹೇಳಿ ಹೋದ. ಅವರು ತಲೆಯಾಡಿಸಿದರು.

ಸ್ವಲ್ಪ ಹೊತ್ತಿನಲ್ಲಿ ನರ್ಸಮ್ಮ ಬಂದು, "ಜಯಶೀಲಾ ಕಡೆಯವ್ರು ನೀವೇನಾ? ಹಿಡ್ಕೊಳಿ ಒಂದ್ನಿಮಿಷ," ಎಂದು ಬಟ್ಟೆಯಲ್ಲಿ ಸುತ್ತಿದ ಬೆಚ್ಚನೆಯ ಗಂಟೊಂದನ್ನು ಅವರ ತೊಡೆಯ ಮೇಲಿಟ್ಟು ಹೋದಳು. ಹುಡುಗ ನರಿಯನ್ನು ಹಿಡಿದಿದ್ದ. ಹಿಡಿದು, ಅದರ ಮರಿಗಳನ್ನು ನೋಡಿ ಕರಗಿ, ಚಪ್ಪಲಿಯನ್ನು ಅವಕ್ಕೇ ಬಿಟ್ಟುಕೊಟ್ಟು ನಕ್ಕ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಥೂ! ನಗ್ತೀಯೇನೋ! ಹೋಗಿ ಅವನಿಗೆ ಹೊಡೆಯೋ!" ಎಂದು ಬೆಂಚಿನಿಂದ ಅರ್ಧ ಎದ್ದು ಅರಚಿದರು.

ತೊಡೆಯ ಮೇಲಿನ ಗಂಟು ಕಿಟಾರನೆ ಕಿರುಚಿತು. ಇಡೀ ನರ್ಸಿಂಗ್ ಹೋಮು ಅವರತ್ತ ತಿರುಗಿತು.

"ಇವತ್ತು ಹೊಡೆಯಲ್ಲ ಅಂಕಲ್," ಎಂದಳು ಪ್ಲಾಸ್ಟರಿನ ಹುಡುಗಿ, ತಿಳಿಯದವರಿಗೆ ತಿಳಿಸುವ ದನಿಯಲ್ಲಿ. "ಇದು ಸುಮ್ನೆ ನಡುವೆ ತುರುಕೋದು. ಕತೆ ಉದ್ದ ಮಾಡಕ್ಕೆ. ಇದನ್ನ ನೋಡದೆ ಇದ್ರೂ ಏನೂ ಆಗಲ್ಲ. ಫೈಟಿಂಗ್ ನಾಳೆ."

ನೋಡದೆ ಇದ್ದರೂ ಏನೂ ಆಗುವುದಿಲ್ಲ! ಮೇಷ್ಟ್ರು ಬಾಯಿ ತೆರೆದರು. ಬಾಯಲ್ಲಿ ಪೇಡೆಯ ರುಚಿ. ತೊಡೆಯ ಮೇಲೆ ಕೆಂಪಗೆ ಅಳುವ ಕೂಸು. ಜನಾರ್ದನ ಹೇಳಿದ ಒಂದೊಂದೇ ಮಾತು ಆಗ ತಡವಾಗಿ ಕಿವಿಗಿಳಿಯಿತು.

"ಯಾರ್ರೀ ನೀವು, ನನ್ನ ಮಗು ಎತ್ಕೊಂಡು ಕೂತಿದೀರಾ?" ದಪ್ಪ ಮೀಸೆಯ ಯುವಕನೊಬ್ಬ ಔಷಧಿಯ ಚೀಟಿ ಹಿಡಿದು ಎದುರಿಗೆ ನಿಂತಿದ್ದ. ಅವನೇ ಆ ಇನ್ನೊಬ್ಬ ಜಯಶೀಲಾಳ ಗಂಡ, ಭೀಮೇಶ್. "ಏನ್ ಸಿಸ್ಟರ್, ಯಾರೋ ಬಂದು ಇವ್ರೇ ಅಪ್ಪ ಅಂತ ಪೇಡೆ ಹಂಚಿದ್ರಂತೆ!"

ಮೇಷ್ಟ್ರು ಕೂಸನ್ನು ಅವನ ಕೈಗಿಟ್ಟು, "ತಪ್ಪಾಯ್ತಪ್ಪಾ, ಹೆಸರು ಒಂದೇ ಆಗಿತ್ತು," ಎಂದು ಎಲ್ಲರಿಗೂ ಕೈ ಮುಗಿದರು. ನರ್ಸಮ್ಮನಿಗೆ, ಕಸ ಗುಡಿಸುವವಳಿಗೆ, ಕೊನೆಗೆ ಪ್ಲಾಸ್ಟರಿನ ಹುಡುಗಿಗೂ ಮುಗಿದು ಹೊರಬಿದ್ದರು. ಜನಾರ್ದನನ ಸ್ಕೂಟರ್ ಅಲ್ಲಿರಲಿಲ್ಲ. ಆಟೋದವನ ಮುಖ ನೋಡಲೂ ನಾಚಿಕೆಯಾಗಿ, ತಲೆ ತಗ್ಗಿಸಿಕೊಂಡು ನಡೆದೇ ಹೊರಟರು.

ಬೀದಿ ಬೀದಿ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಏಳೂವರೆ. ಗೇಟಿನಲ್ಲಿ ಒಂದು ಬಾಡಿಗೆ ವ್ಯಾನು. ಮನೆಯೊಳಗೆ ಹೆಡ್‌ಮಾಸ್ಟರ್ ಭೈರಪ್ಪನವರು, ಜನಾರ್ದನ, ಉಳಿದ ಐದು ಜನ ಮೇಷ್ಟ್ರುಗಳು. ನರ್ಸಿಂಗ್ ಹೋಮಿಗೆ ಹೋಗಿ, ಮೇಷ್ಟ್ರು ಹೊರಟುಹೋದರೆಂದು ತಿಳಿದು, ಇಲ್ಲಿಗೆ ಬಂದಿದ್ದರು. ಟೀಪಾಯಿಯ ಮೇಲೆ ಒಂದು ಬೇಬಿ ಸೋಪು, ಸಣ್ಣ ಕುಲಾವಿ, ಹೊಸ ಗಿಲಕಿ. ಅವುಗಳ ಎದುರು ಜಯಶೀಲಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಬನ್ನಿ ಮೇಷ್ಟ್ರೇ," ಎಂದರು ಭೈರಪ್ಪನವರು, ಪಾಪ, ಅವರಿಗೇ ಮುಜುಗರವಾಗಿತ್ತು. "ಏನೋ ಹೆಸರು ಅದಲುಬದಲಾಗಿದೆ ಅಂತ ಕಾಣುತ್ತೆ. ಅದು ಹೋಗ್ಲಿ ಬಿಡಿ. ಮತ್ತೆ ಅಮ್ಮಾ, ನಿಮ್ಮ ಹೊಟ್ಟೆನೋವು ಹೆಂಗಿದೆ?"

ಜಯಶೀಲಾ ಗಂಡನ ಮುಖ ನೋಡಿದಳು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳ ಮುಖವನ್ನು ಮೇಷ್ಟ್ರು ಎಷ್ಟೋ ನೋಡಿದ್ದರು. ಆ ಮುಖ ಹೊತ್ತು ನಿಲ್ಲುವುದು ಇಷ್ಟು ಭಾರ ಎಂದು ಅಂದೇ ತಿಳಿದದ್ದು. ನಿಜ ಹೇಳಿಬಿಡೋಣವೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಈಗ ಪರವಾಗಿಲ್ಲ ಸಾರ್. ಮಧ್ಯಾಹ್ನ ಜೀವ ಹೋದ ಹಾಗಾಗಿತ್ತು. ಜೀರಿಗೆ ಕಷಾಯ ಕುಡಿದ ಮೇಲೆ ಇಳೀತು. ಕೂತ್ಕೊಳಿ, ಕಾಫಿ ಮಾಡ್ತೀನಿ."

ಎಲ್ಲರೂ ಕಾಫಿ ಕುಡಿದರು. "ನಮ್ಮನೆಯವ್ರನ್ನ ನೋಡಿ, ಹೆಂಡ್ತಿ ಹೊಟ್ಟೆ ಹಿಡ್ಕೊಂಡು ಬಿದ್ಲು ಅಂದ್ರೆ ಇವರ ಹಂಗೆ ಯಾರು ಓಡಿ ಬರ್ತಾರೆ?" ಎಂದು ಅವಳು ಬೇರೆ ಸೇರಿಸಿದಳು. ಭೈರಪ್ಪನವರು ತಲೆದೂಗಿದರು. ಜನಾರ್ದನ ಗಿಲಕಿಯನ್ನು ವಾಪಸು ಜೇಬಿಗೆ ಹಾಕಿಕೊಂಡ. ವ್ಯಾನು ಹೊರಟುಹೋಯಿತು.

ಮೇಷ್ಟ್ರು ಬಾಗಿಲ ಬಳಿ ನಿಂತೇ ಇದ್ದರು. ಭೂಮಿ ಬಾಯಿ ಬಿಟ್ಟಿದ್ದರೆ ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದರು.

"ಜಯಾ," ಎಂದರು ಕೊನೆಗೆ. "ನಾನು ಸುಳ್ಳು ಹೇಳಿದೆ. ನಿನ್ನ ಹೆಸರಲ್ಲಿ. ಯಾಕೆ ಅಂದ್ರೆ... ನಾನು ಒಂದು... ಮಕ್ಕಳು ನೋಡ್ತಾರಲ್ಲ, ಕಾರ್ಟೂನು... ಅದನ್ನ ಒಂದು ವರ್ಷದಿಂದ ನೋಡ್ತಾ ಇದೀನಿ. ಕದ್ದು."

ಜಯಶೀಲಾ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕದ್ದು ಯಾರು ನೋಡಿದ್ರು?"

"ಅಂದ್ರೆ?"

"ಮುಂಬಾಗಿಲು ಹಾಕ್ಕೊಂಡ್ರೆ ಆಯ್ತೇನ್ರೀ? ಕಿಟಕಿ? ಸಾವಿತ್ರಮ್ಮನ ಮಹಡಿಯಿಂದ ನಮ್ಮ ಹಾಲ್ ಪೂರ್ತಿ ಕಾಣುತ್ತೆ. ನೀವು ಕೆಂಪು ಟವೆಲ್ ಸೊಂಟಕ್ಕೆ ಕಟ್ಕೊಂಡು ಟೀಪಾಯಿ ಮೇಲಿಂದ ಹಾರೋದು, ಕುರ್ಚಿಗೆ ಒದಿಯೋದು, ಎಲ್ಲಾ ಕಾಣುತ್ತೆ."

ಮೇಷ್ಟ್ರು ಗೋಡೆ ಹಿಡಿದುಕೊಂಡರು. "ಎಲ್ಲಾರಿಗೂ?"

"ಹದಿಮೂರು ಜನ ಇದೀವಿ. ಮೊದಲು ನಾಲ್ಕೇ ಜನ ಬರ್ತಿದ್ರು ಹಾಡಕ್ಕೆ." ಅವಳ ದನಿಯಲ್ಲಿ ನಗು ಇಣುಕಿತು, ಅದನ್ನು ಅವಳು ತುಟಿ ಕಚ್ಚಿ ತಡೆದಳು. "ಇವತ್ತು ನೀವು ಬರ್ಲಿಲ್ಲ ನೋಡಿ. ಪಾಪ, ಎಲ್ರೂ ಆರೂಕಾಲಿನವರೆಗೂ ಹಾಡಬೇಕಾಯ್ತು."

ಷಡಕ್ಷರಪ್ಪನವರು ಮೆಲ್ಲಗೆ ತಿರುಗಿ ಕಿಟಕಿಯತ್ತ ನೋಡಿದರು. ಎದುರು ಮಹಡಿಯಲ್ಲಿ ದೀಪ ಉರಿಯುತ್ತಿತ್ತು. ಪರದೆ ಎಳೆಯಲು ಕೈ ಚಾಚಿದರು. ಎಳೆದರೆ, ತಮಗೆ ಗೊತ್ತಾಗಿದೆಯೆಂದು ಮಹಡಿಯವರಿಗೆ ಗೊತ್ತಾಗುತ್ತದೆ. ಎಳೆಯದಿದ್ದರೆ, ನಾಳೆ ಐದೂವರೆಗೆ ಕಾಳಗ.

ಕೈ ಹಾಗೆಯೇ ಗಾಳಿಯಲ್ಲಿ ನಿಂತಿರುವಾಗ ಎದುರು ಕಿಟಕಿಯಲ್ಲಿ ಸಾವಿತ್ರಮ್ಮನವರು ಕಾಣಿಸಿಕೊಂಡು, ಬಹಳ ಗೌರವದಿಂದ ನಮಸ್ಕಾರ ಮಾಡಿದರು.

"ನಾಳೆ ಆದ್ರೂ ಹೊತ್ತಿಗೆ ಸರಿಯಾಗಿ ಬನ್ನಿ," ಎಂದಳು ಜಯಶೀಲಾ ಅಡಿಗೆಮನೆಯಿಂದ. "ಶಿಕಾರಿಪುರದಿಂದ ಅವರ ತಂಗಿನೂ ಬರ್ತಾಳಂತೆ, ನೋಡಕ್ಕೆ."