ಬಿಕ್ಕುವ ಮೋಟಾರು

ಅತ್ತಿಗೆ ಕೇಳಿದ್ದು ಇಷ್ಟೇ: "ನಿಮ್ಮಣ್ಣನ ದೋಣೀನ ಸಂಜೆ ಒಂದ್ಸಲ ಆಚೆ ದಡದಿಂದ ಓಡಿಸ್ಕೊಂಡು ಬಾ. ನಾನು ಕಟ್ಟೆ ಮೇಲೆ ಕೂತಿರ್ತೀನಿ." ಅಷ್ಟು ಮಾಡಿದ್ದರೆ ನಮ್ಮ ಟೈಲರ್ ನೆಮ್ಮದಿಯಾಗಿರುತ್ತಿದ್ದ. ಆದರೆ ಕೊಟ್ಟ ಅಳತೆಗೆ ಹೊಲಿದು ಗೊತ್ತಿಲ್ಲದವನು ಅವನು. ಯಾವುದಕ್ಕೂ ತನ್ನದೊಂದು ಇಂಚು ಸೇರಿಸಲೇಬೇಕು.

ಅಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು. ಇದ್ದಷ್ಟು ದಿನ ತಮ್ಮನ ಹೊಲಿಗೆ ಮಿಷನ್ನಿನಿಂದ ಹಿಡಿದು ಬಚ್ಚಲ ನಲ್ಲಿಯವರೆಗೆ ಎಲ್ಲ ರಿಪೇರಿ ಮಾಡಿಕೊಟ್ಟವನು ಅವನೇ. ಟೈಲರ್ ಮಾತ್ರ ಅಣ್ಣನಿಗೆ ಒಂದು ಅಂಗಿಯನ್ನೂ ಹೊಲಿದುಕೊಡಲಿಲ್ಲ. ಗಿರಾಕಿಗಳದ್ದು ಮುಗಿಯಲಿ ಎಂದು ಮುಂದೂಡಿದ್ದೇ ಬಂತು. ಆ ಕೊರಗು ಅವನನ್ನು ಬಿಟ್ಟಿರಲಿಲ್ಲ.

ಅಣ್ಣನ ದೋಣಿಯ ಮೋಟಾರಿಗೆ ಒಂದು ಹಳೇ ಚಾಳಿ. ನಾಲ್ಕು ಸಲ ಗುಡುಗುಡು ಅಂದು ಐದನೆಯದಕ್ಕೆ ಬಿಕ್ಕುತ್ತಿತ್ತು. ಇದನ್ನು ಅತ್ತಿಗೆಗೆ ಹೇಗೆ ಕೇಳಿಸುವುದು, ಕಾರ್ಬುರೇಟರ್ ಸರಿಮಾಡಿಯೇ ಒಯ್ಯೋಣ ಎಂದು ಟೈಲರ್ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿದ.

ಮನೆ ಮುಂದೆ ನೀರು ತುಂಬಿದ ಡ್ರಮ್ಮಿಗೆ ಮೋಟಾರು ಸಿಕ್ಕಿಸಿದ್ದೇ ತಡ, ಸಲಹೆಗಾರರು ನೆರೆದರು. ಪಕ್ಕದ ಸೈಕಲ್ ಶಾಪಿನವನು ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ಬಿಗಿಯಾಗಬೇಕೆಂದ. ಎದುರು ಮನೆಯ ಲೆಕ್ಕದ ಮೇಷ್ಟ್ರು ಮುಕ್ಕಾಲು ಸುತ್ತು ಸಡಿಲವಾಗಬೇಕೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸಾಧಿಸಿ ತೋರಿಸಿದರು. ಇಬ್ಬರಿಗೂ ದೋಣಿ ಹತ್ತಿದರೆ ವಾಂತಿ. ಮೋಟಾರು ಒಮ್ಮೆ ಮೇಷ್ಟ್ರ ಬಿಳಿ ಅಂಗಿಗೆ ಮಸಿ ಉಗುಳಿತು, ಇನ್ನೊಮ್ಮೆ ಡ್ರಮ್ಮನ್ನೇ ಉರುಳಿಸಿತು. ಹಗ್ಗ ಎಳೆದೆಳೆದು ಟೈಲರನ ರಟ್ಟೆ ಬಿದ್ದುಹೋಯಿತು. ಕಡೆಗೆ ಅವನು ಕಾರ್ಬುರೇಟರನ್ನೇ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಸ್ಕ್ರೂ ಪಕ್ಕ ಅಂಟಿದ್ದ ಸಾಸಿವೆಯಷ್ಟು ಕೆಂಪು ಬಣ್ಣವನ್ನೂ ಬಿಡದೆ ಉಗುರಿನಿಂದ ಕೆರೆದು, ಮರಳು ಕಾಗದ ಹಾಕಿ ಉಜ್ಜಿದ.

ಮಧ್ಯಾಹ್ನ ಮೂರಕ್ಕೆ ಮೋಟಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿತು. ತನ್ನಿಂದಲೇ ಎಂದು ಸೈಕಲ್ ಶಾಪಿನವನು, ತಮ್ಮಿಂದಲೇ ಎಂದು ಮೇಷ್ಟ್ರು. ಹೊಗಳಿಸಿಕೊಳ್ಳಲು ಇಬ್ಬರೂ ಸಂಜೆ ಕಟ್ಟೆಗೇ ಬಂದು ನಿಂತರು.

ಟೈಲರ್ ಎದೆಯುಬ್ಬಿಸಿಕೊಂಡು ಆಚೆ ದಡದಿಂದ ಬಂದ. ಅತ್ತಿಗೆ ಕಣ್ಣು ಮುಚ್ಚಿ ಕೂತಿದ್ದರು. ದೋಣಿ ಕಟ್ಟೆಗೆ ತಾಗುವವರೆಗೂ ಕಣ್ಣು ತೆರೆಯಲಿಲ್ಲ.

"ನೀನಾ? ಯಾರದ್ದೋ ದೋಣಿ ಅಂದ್ಕೊಂಡೆ," ಅಂದರು. "ಇದ್ಯಾಕೆ ಬಿಕ್ಕಲೇ ಇಲ್ಲ?"

"ಸರಿ ಮಾಡ್ದೆ ಅತ್ತಿಗೆ."

"ನಿಮ್ಮಣ್ಣಂಗೆ ಸರಿ ಮಾಡೋಕೆ ಬರ್ತಿರ್ಲಿಲ್ವಾ? ನಾನೇ ಬೇಡ ಅಂದಿದ್ದೆ. ಅಷ್ಟು ದೋಣೀಲಿ ಅವರದ್ದು ಯಾವ್ದು ಅಂತ ಅದರಿಂದ್ಲೇ ಗೊತ್ತಾಗ್ತಿತ್ತು. ಅದು ಕೇಳಿಸಿದ್ಮೇಲೇ ನಾನು ಒಲೆ ಹಚ್ತಿದ್ದೆ."

ಟೈಲರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಕೆಡಿಸೋಣ ಎಂದು ಮೂವರೂ ಮೋಟಾರಿನ ಮೇಲೆ ಬಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೇ ಸೋತಿತು. ಬಿಗಿ ಮಾಡಿದರೆ ಮೋಟಾರು ನಿಂತೇಹೋಗುತ್ತಿತ್ತು, ಸಡಿಲ ಮಾಡಿದರೆ ನುಣ್ಣಗೆ ಓಡುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಬಿಕ್ಕಳಿಕೆಗೆ ಸೂತ್ರವಿರಲಿಲ್ಲ.

ನೋಡಿ ನೋಡಿ ಅತ್ತಿಗೆಗೇ ಕನಿಕರ ಬಂತು. "ಯಾಕೆ ಒದ್ದಾಡ್ತೀರಿ? ರಿಪೇರಿಗೆ ಬಿಚ್ಚಿದ್ರೂ ಅದೇ ಸದ್ದು ಬರ್ಲಿ ಅಂತ ಅವರು ಸ್ಕ್ರೂ ಪಕ್ಕ ನನ್ನ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟಿದ್ದಾರೆ. ಅಲ್ಲಿಗೆ ತಂದು ನಿಲ್ಸು, ಸಾಕು."

ಟೈಲರ್ ತನ್ನ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಇನ್ನೂ ಇತ್ತು. ಆ ಬೆರಳನ್ನೇ ಚಾಚಿ ತೋರಿಸಿದ.

ಅತ್ತಿಗೆ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಸೆರಗಿನ ತುದಿಯಿಂದ ಆ ಬೆರಳನ್ನು ಒರೆಸಿ, "ದಿನಾ ಸಂಜೆ ಬಾ. ಸಿಗೋವರೆಗೂ ತಿರುಗಿಸ್ತಾ ಇರು," ಅಂದರು.

ಅಂಗಿಯ ಹಾಗೆ ಇದನ್ನೂ ಮುಂದೂಡುವ ಧೈರ್ಯ ಅವನಿಗಿರಲಿಲ್ಲ. ಅಲ್ಲೇ ಬಗ್ಗಿ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಹಗ್ಗ ಎಳೆದ. ಅತ್ತಿಗೆ ಮತ್ತೆ ಕಣ್ಣು ಮುಚ್ಚಿ ಕೂತರು. ಮೋಟಾರು ಒಂದು ಸಲವೂ ಬಿಕ್ಕದೆ ಓಡಿತು.