ರಾಟೆ ಮಾಡುವವನಿಗೆ ಹೆಣ್ಣು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅದರಲ್ಲೂ ನನಗೆ ಹೆಣ್ಣು ನೋಡುವ ಕಾಲದಲ್ಲಿ ಇದು ಬಹಳ ನಡೆಯಿತು. ಕೇಳಿದವರೆಲ್ಲ ನಕ್ಕು, ಬರೆದಿಡು ಅಂದರು. ನನಗೆ ಬರೆದು ಅಭ್ಯಾಸವಿಲ್ಲ. ಜಾಸ್ತಿ ವಿವರಿಸುತ್ತಿದ್ದೇನೆ ಅನ್ನಿಸಿದರೆ ಆ ಸಾಲು ಬಿಟ್ಟು ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕ್ರೇನು, ಲಿಫ್ಟು ಇವುಗಳಲ್ಲಿ ಉಕ್ಕಿನ ಹಗ್ಗ ಒಂದು ಚಕ್ರದ ಮೇಲೆ ಹಾದು ಭಾರ ಎತ್ತುತ್ತದೆ. ಚಕ್ರದ ಅಂಚಿನಲ್ಲಿ ಹಗ್ಗ ಕೂರುವುದಕ್ಕೆ ಒಂದು ತೋಡು ಇರುತ್ತದೆ. ಆ ಚಕ್ರ ಎಷ್ಟು ದೊಡ್ಡದಿರಬೇಕು, ತೋಡು ಎಷ್ಟು ಅಗಲ ಇರಬೇಕು ಎಂದು ಲೆಕ್ಕ ಹಾಕಿ ಡ್ರಾಯಿಂಗ್ ಮಾಡುವವನು ನಾನು. ತುಮಕೂರಿನ ಹೊರಗೆ ಫ್ಯಾಕ್ಟರಿ, ಶೆಟ್ಟಿಹಳ್ಳಿಯಲ್ಲಿ ಮನೆ. ಬಾವಿಯ ರಾಟೆ ನೋಡಿದ್ದೀರಲ್ಲ, ಅದರ ದೊಡ್ಡಣ್ಣ ಅಂತ ಇಟ್ಟುಕೊಳ್ಳಿ.

ಗುಬ್ಬಿ ಮಾವನ ವರ್ಣನೆ

ಸಂಬಂಧ ತಂದವರು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಸೋದರಮಾವ. ಹುಡುಗಿ ಕುಣಿಗಲ್‌ನವಳು, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಫೋಟೋ ನೋಡಿದ ಕ್ಷಣವೇ ನನಗೆ ಒಪ್ಪಿಗೆಯಾಗಿಬಿಟ್ಟಿತ್ತು. ಆದ್ದರಿಂದ ಮಾವ ಎಲ್ಲಿ ಏನು ಹೇಳಿ ಕೆಡಿಸುತ್ತಾರೋ ಎಂದು ಹೆದರಿ, ಅವರಿಗೆ ಚಕ್ರ, ತೋಡು, ಹಗ್ಗ ಎಲ್ಲ ವಿವರವಾಗಿ ಹೇಳಿಕೊಟ್ಟೆ.

"ಇಷ್ಟೆಲ್ಲಾ ಯಾರ್ಲಾ ಕೇಳ್ತಾರೆ? ನಾನು ಹೇಳ್ಕೋತೀನಿ ಬುಡು," ಅಂದು ನನ್ನೆದುರಿಗೇ ಹುಡುಗಿಯ ತಂದೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಹುಡುಗ ಕ್ರೇನ್ ಕಂಪ್ನೀಲಿ ಅವ್ನೆ."

"ಕ್ರೇನ್ ಓಡಿಸ್ತಾನಾ?"

"ಓಡ್ಸೋದೇನು ಸ್ವಾಮಿ, ಅಲ್ಲಿ ಎತ್ತೋದೆಲ್ಲಾ ಇವನ ಕೈಯಲ್ಲೇ ಇರೋದು."

ಬೇಡ ಅನ್ನುತ್ತಾರೆ ಅಂದುಕೊಂಡೆ. ಆದರೆ ಅವರು ಬಹಳ ಮರ್ಯಾದೆಯಿಂದ ಕೇಳಿದರು: "ಹಂಗಾದ್ರೆ ಭಾನುವಾರ ಹೆಣ್ಣು ನೋಡಕ್ಕೆ ಬರ್ತಾ ಒಂದು ಕ್ರೇನ್ ತಗೊಂಡೇ ಬರಕ್ಕೇಳಿ. ನಮ್ಮ ಬೋರ್‌ವೆಲ್ ಮೋಟ್ರು ಎತ್ಬೇಕಿತ್ತು."

ಹುಡುಗಿಯೊಡನೆ ಮಾತು

ಕ್ರೇನ್ ಇಲ್ಲದೆ ಬರಿಗೈಯಲ್ಲಿ ಕಾರಿಳಿದದ್ದಕ್ಕೆ ಹುಡುಗಿಯ ತಂದೆಗೆ ಸ್ವಲ್ಪ ನಿರಾಸೆ ಆಗಿತ್ತು. ಆದರೂ ಉಪ್ಪಿಟ್ಟು, ಕೇಸರಿಬಾತ್ ಆದ ಮೇಲೆ ಇಬ್ಬರನ್ನೂ ಪಕ್ಕದ ರೂಮಿಗೆ ಮಾತಾಡಲು ಕಳಿಸಿದರು.

"ನಿಮ್ಮ ಕೆಲಸ ಸರಿಯಾಗಿ ಗೊತ್ತಾಗ್ಲಿಲ್ಲ," ಅಂದಳು ಅವಳು.

ನನಗೆ ಗಾಬರಿಯಾದಾಗ ವಿವರಣೆ ಉದ್ದವಾಗುತ್ತದೆ. ತಟ್ಟೆಯಲ್ಲಿದ್ದ ಕೋಡುಬಳೆಯನ್ನೇ ಚಕ್ರ ಮಾಡಿ ಹಿಡಿದೆ. ತೋಡು ಬಿಗಿಯಾದರೆ ಹಗ್ಗ ನಲುಗುತ್ತದೆ, ಸಡಿಲವಾದರೆ ಚಪ್ಪಟೆಯಾಗುತ್ತದೆ, ಚಕ್ರ ಚಿಕ್ಕದಾದರೆ ಹಗ್ಗ ಬಗ್ಗಿ ಬಗ್ಗಿ ಸುಸ್ತಾಗಿ ಒಳಗಿನ ಎಳೆ ಒಂದೊಂದೇ ಕಡಿಯುತ್ತದೆ ಎಂದೆಲ್ಲ ಹೇಳಿದೆ. ಬಾಗಿಲ ಆಚೆ ಯಾರೋ ಬೇಕೆಂದೇ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

ಅವಳು ತಾಳ್ಮೆಯಿಂದ ಕೇಳಿ, "ಒಟ್ಟಿನಲ್ಲಿ ಹಗ್ಗಕ್ಕೆ ನೋವಾಗ್ದಂಗೆ ನೋಡ್ಕೊಳ್ಳೋದು ನಿಮ್ಮ ಕೆಲಸ," ಅಂದಳು.

ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಅಂತ ಆಗಲೇ ತೀರ್ಮಾನಿಸಿದೆ. ಖುಷಿಯಲ್ಲಿ ಏನು ಹೇಳಬೇಕೋ ತೋಚದೆ ಚಕ್ರವನ್ನೇ ಬಾಯಿಗೆ ಹಾಕಿಕೊಂಡೆ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದರು, "ಅಷ್ಟೊತ್ತು ಏನೋ ಮಾತಾಡಿದ್ರಿ?"

"ಹಗ್ಗದ ವಿಷ್ಯ."

ಅಮ್ಮ ಹಣೆ ಚಚ್ಚಿಕೊಂಡರು. "ಮದುವೆಗೆ ಮುಂಚೇನೇ ಹಗ್ಗದ ವಿಷ್ಯ ಎತ್ತಿದ ಗಂಡು ನೀನೊಬ್ನೇ ಕಣೋ. ಬೇರೆಯವ್ರು ಆಮೇಲೆ ಎತ್ತೋರು."

ಗೇಟಿನಲ್ಲಿ ವಿಚಾರಣೆ

ನಮ್ಮ ಕಡೆ ಒಂದು ಪದ್ಧತಿ ಇದೆ. ಹುಡುಗ ಎಂಥವನು ಅಂತ ಹೆಣ್ಣಿನ ಕಡೆಯವರು ಹುಡುಗನಿಗೆ ತಿಳಿಯದಂತೆ ಅವನ ಆಫೀಸಿನ ಹತ್ತಿರ ಹೋಗಿ ವಿಚಾರಿಸುತ್ತಾರೆ. ಹಾಗೆ ಹುಡುಗಿಯ ಚಿಕ್ಕಪ್ಪ ನಮ್ಮ ಫ್ಯಾಕ್ಟರಿ ಗೇಟಿಗೆ ಬಂದು ಸೆಕ್ಯುರಿಟಿಯವನನ್ನು ಮಾತಿಗೆಳೆದಿದ್ದಾರೆ. ನಡೆದದ್ದನ್ನು ಆಮೇಲೆ ಸೆಕ್ಯುರಿಟಿಯವನೇ ಹೆಮ್ಮೆಯಿಂದ ನನಗೆ ಒಪ್ಪಿಸಿದ.

"ಒಳ್ಳೆ ಹುಡ್ಗ ಸಾರ್. ಯಾರ ತಂಟೆಗೂ ಹೋಗಲ್ಲ. ಬಂದು ಕೂತ್ರೆ ಸಾಯಂಕಾಲದವರ್ಗೂ ಕಂಪ್ಯೂಟರಲ್ಲಿ ಒಂದು ಚಕ್ರ ಇಟ್ಕೊಂಡು ಹಿಂಗೊಂದ್ ಸಲ ತಿರುಗ್ಸಿ ನೋಡ್ತಾರೆ, ಹಂಗೊಂದ್ ಸಲ ತಿರುಗ್ಸಿ ನೋಡ್ತಾರೆ."

"ಅಷ್ಟೇನಾ?"

"ಅಷ್ಟೇ."

"ಮಾರನೇ ದಿನ?"

"ಮಾರನೇ ದಿನ ಇನ್ನೊಂದು ಚಕ್ರ."

ಚಿಕ್ಕಪ್ಪ ಮನೆಗೆ ಹೋಗಿ ವರದಿ ಕೊಟ್ಟರಂತೆ: "ಹುಡುಗನಿಗೆ ಕುಡಿತ ಇಲ್ಲ, ಇಸ್ಪೀಟಿಲ್ಲ. ಚಕ್ರ ಒಂದು ಬಿಟ್ರೆ ಬೇರೆ ಯಾವ ಚಟಾನೂ ಇಲ್ಲ."

ಹುತ್ರಿದುರ್ಗದ ಅಜ್ಜಿ

ಇಷ್ಟಾದರೂ ಮದುವೆ ನಿಶ್ಚಯವಾಗಲಿಲ್ಲ. ಹುಡುಗಿಯ ಅಜ್ಜಿ ಹುತ್ರಿದುರ್ಗದಲ್ಲಿದ್ದರು. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಯಾವ ಮದುವೆಯೂ ಆಗಿಲ್ಲವಂತೆ. ಸರಿ, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಕ್ರ ಮಾಡ್ತೀಯಂತೆ. ನಮ್ ಬಾವಿ ರಾಟೆ ಒಸಿ ನೋಡು. ಕಿರ್ರೋ ಅಂತೈತೆ," ಅಂದರು. ಮನೆಗೆ ಬೋರ್ ನೀರು ಬರುತ್ತದೆ, ಆದರೆ ಅದರಲ್ಲಿ ಬೇಳೆ ಬೇಯುವುದಿಲ್ಲ ಅಂತ ಅಡುಗೆಗೂ ಎಮ್ಮೆಗೂ ಅಜ್ಜಿ ಬಾವಿ ನೀರನ್ನೇ ಸೇದುತ್ತಿದ್ದರು.

ನನಗೆ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೇನು ಬೇಕು? ಅಳತೆ ತೆಗೆದುಕೊಂಡು ಬಂದು, ಹಗ್ಗದ ದಪ್ಪಕ್ಕೆ ಸರಿಯಾಗಿ ತೋಡು ಹಾಕಿ, ಒಳಗೆ ಎರಡು ಬೇರಿಂಗ್ ಕೂರಿಸಿ ಹೊಸ ರಾಟೆ ಮಾಡಿಸಿದೆ. ಮುಂದಿನ ಭಾನುವಾರ ನಾನೇ ಹೋಗಿ ಹಾಕಿಕೊಟ್ಟೆ. ಬಿಂದಿಗೆ ಮೇಲೆ ಬಂದದ್ದೇ ತಿಳಿಯಲಿಲ್ಲ, ಅಷ್ಟು ಹಗುರ, ಅಷ್ಟು ಸದ್ದಿಲ್ಲ. ಅಜ್ಜಿ ನಕ್ಕರು. ಹೂಂ ಅನ್ನುವುದೊಂದು ಬಾಕಿ.

ಆ ವಾರ ಹುಡುಗಿ ಫೋನ್ ಮಾಡಿದಳು. "ಅಜ್ಜಿಗೆ ಕೋಪ ಬಂದಿದೆ ರೀ. ಎಮ್ಮೆ ನೀರಿಗೆ ಬರ್ತಿಲ್ವಂತೆ."

ವಿಷಯ ಏನೆಂದರೆ, ಎಮ್ಮೆ ಮನೆಯ ಹಿಂದಿನ ಬಂಡೆಗಳ ಕಡೆ ಮೇಯುತ್ತದೆ. ರಾಟೆ ಕಿರ್ರೋ ಅಂದರೆ ಅದಕ್ಕೆ ನೀರಿನ ಹೊತ್ತಾಯಿತು ಅಂತ ಅರ್ಥ, ತಾನಾಗಿಯೇ ಇಳಿದು ಬರುತ್ತದೆ. ಈಗ ಸದ್ದಿಲ್ಲ, ಎಮ್ಮೆಯೂ ಇಲ್ಲ. ಮಂಡಿ ನೋವಿಟ್ಟುಕೊಂಡು ಅಜ್ಜಿಯೇ ಹತ್ತಿ ಹೋಗಿ ಕರೆಯಬೇಕು. ಸಾಲದ್ದಕ್ಕೆ, ಬೆಳಗ್ಗೆ ರಾಟೆ ಸದ್ದು ಕೇಳಲಿಲ್ಲವೆಂದು ಪಕ್ಕದ ಮನೆಯವರು ಅಜ್ಜಿ ಹೋಗಿಬಿಟ್ಟರೇನೋ ಅಂತ ಬಾಗಿಲು ಬಡಿದಿದ್ದರು.

"ಹಳೇದನ್ನೇ ಹಾಕಿದ್ರಾಯ್ತಲ್ಲ," ಅಂದೆ.

"ಅಜ್ಜಿ ಅದನ್ನ ಆಗ್ಲೇ ಹಳೇ ಸಾಮಾನಿನವನಿಗೆ ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ತಗೊಂಡಿದಾರೆ."

ಬೇರೆ ದಾರಿಯಿರಲಿಲ್ಲ. ನಮ್ಮ ಮ್ಯಾನೇಜರ್ ಹತ್ತಿರ ಹೋದೆ. "ಏನ್ರೀ ಕಂಪ್ಲೇಂಟು?" ಅಂದರು. "ಸದ್ದು ಬರ್ತಿಲ್ಲ ಸಾರ್," ಅಂದೆ. ಅವರು ಕನ್ನಡಕ ತೆಗೆದು, "ಇಂಥ ಕಸ್ಟಮರ್ ನಮಗ್ಯಾಕ್ರೀ ಸಿಗಲ್ಲ?" ಅಂದರು.

ಬೇರಿಂಗ್ ಇಲ್ಲದೆ, ಗ್ರೀಸ್ ಇಲ್ಲದೆ, ಒಣ ಕಬ್ಬಿಣದ ಮೇಲೆ ಒಣ ಕಬ್ಬಿಣ ತಿಕ್ಕುವ ಹಾಗೆ ಇನ್ನೊಂದು ರಾಟೆ ಮಾಡಿಸಿದೆ. ಕಲಿತ ವಿದ್ಯೆಯನ್ನೆಲ್ಲ ತಲೆಕೆಳಗಾಗಿ ಉಪಯೋಗಿಸಿದ್ದು ಅದೊಂದೇ ಸಲ. ಹಾಕುವ ದಿನ ಹುಡುಗಿ, ಅವಳ ಅಪ್ಪ, ಚಿಕ್ಕಪ್ಪ, ನನ್ನ ಅಮ್ಮ, ಗುಬ್ಬಿ ಮಾವ ಎಲ್ಲರೂ ಬಾವಿಯ ಸುತ್ತ ನಿಂತಿದ್ದರು. ಅಜ್ಜಿ ಹಗ್ಗ ಜಗ್ಗಿದರು. ಕಿರ್ರ್ ಅಂದಿತು. ಬಂಡೆಯ ಹತ್ತಿರ ಎಮ್ಮೆ ತಲೆಯೆತ್ತಿತು. ಒಂದು ಸಲ ಈ ಕಡೆ ನೋಡಿ ಮತ್ತೆ ಮೇಯತೊಡಗಿತು.

"ದನಿ ಸಣ್ಣ ಆಯ್ತು," ಅಂದರು ಅಜ್ಜಿ. "ಇನ್ನೊಸಿ ದಪ್ಪ ಬರ್ಬೇಕು."

ನಾನು ಸ್ಪ್ಯಾನರ್ ಹಿಡಿದು ಬಾವಿಕಟ್ಟೆ ಹತ್ತಿ ಬೋಲ್ಟ್ ಬಿಗಿ ಮಾಡಿದೆ. ಕೀಂಯ್ ಅಂದಿತು. "ಅದಲ್ಲ," ಅಂದರು. ಸಡಿಲ ಮಾಡಿದೆ. ಕಟಕಟ ಅಂದಿತು. "ಅದೂ ಅಲ್ಲ." ಹುಡುಗಿ ನನ್ನನ್ನು ನೋಡಲಿಲ್ಲ, ಎಮ್ಮೆಯನ್ನೇ ನೋಡುತ್ತಿದ್ದಳು. ಕೊನೆಗೆ ಎಲ್ಲೋ ನಡುವೆ ಬೋಲ್ಟ್ ನಿಲ್ಲಿಸಿದೆ. ಅಜ್ಜಿ ಜಗ್ಗಿದರು.

ಕಿರ್ರ್ರೋ.

ಎಮ್ಮೆ ಬಾಯಲ್ಲಿದ್ದ ಹುಲ್ಲನ್ನೂ ಬಿಟ್ಟು, ಬಾಲ ಬೀಸುತ್ತ ಇಳಿದು ಬಂದು, ನಮ್ಮೆಲ್ಲರ ನಡುವೆ ದಾರಿ ಮಾಡಿಕೊಂಡು ತೊಟ್ಟಿಗೆ ಮೂತಿ ಇಟ್ಟಿತು. ಹುಡುಗಿಯ ಅಪ್ಪ ಮೆಲ್ಲಗೆ, "ಅವ್ವಾ, ಏನಂತೀಯಾ?" ಅಂದರು.

ಅಜ್ಜಿ ಎಮ್ಮೆಯ ಬೆನ್ನು ಸವರುತ್ತ ನನ್ನ ಕಡೆ ಒಮ್ಮೆ ನೋಡಿ ಮಗನಿಗೆ ಅಂದರು: "ಅದೇ ಒಪ್ಕಂಡ್ಮೇಲೆ ನಂದೇನೈತೆ? ಮದ್ವೆ ಮಾಡ್ಕೊಡಿ."