ನಶ್ಯದ ಡಬ್ಬಿಗೆ ಕುಂಕುಮ

ಹೇವರ್ಡಿನ ಅಪಾರ್ಟ್‌ಮೆಂಟಿನಲ್ಲಿ ಗುರುಪ್ರಸಾದನೆಂಬ ಕಿರಿಯ ಇಂಜಿನಿಯರು ಆ ಶನಿವಾರ ಬೆಳಿಗ್ಗೆ ಸೋಫಾದ ಕೆಳಗೆ ತಲೆ ತೂರಿಸಿ ಮಲಗಿದ್ದ. ತಪಸ್ಸಿಗಲ್ಲ, ನಶ್ಯದ ಡಬ್ಬಿಗಾಗಿ.

ನಶ್ಯವೆಂದರೆ ಅಜ್ಜನ ಸೊಂಟದ ತಗಡಿನ ಡಬ್ಬಿ ನೆನಪಾದೀತು. ಇದು ಆ ಜಾತಿಯದಲ್ಲ. ಇನ್ನೂರು ವರ್ಷದ ಹಿಂದೆ ಪ್ಯಾರಿಸಿನಲ್ಲಿ ಒಬ್ಬ ಅಕ್ಕಸಾಲಿಗ ಚಿನ್ನ ತಟ್ಟಿ, ಇನ್ನೊಬ್ಬ ನೀಲಿ ಎನಾಮೆಲ್ ಕರಗಿಸಿ ಕೂರಿಸಿ, ಮತ್ತೊಬ್ಬ ಕೀಲೇ ಕಾಣದಂತೆ ಮುಚ್ಚಳ ಜೋಡಿಸಿ, ಯಾವನೋ ಶ್ರೀಮಂತನ ಸೀನಿಗೆಂದು ಮಾಡಿದ್ದು. (ಒಂದು ಸೀನಿಗೆ ಮೂವರು ಕಲಾವಿದರು. ಗುರುಪ್ರಸಾದನ ಆಫೀಸಿನಲ್ಲಿ ಮೂವರ ಕೆಲಸಕ್ಕೆ ಅವನೊಬ್ಬನೇ.) ಲೈಬ್ರರಿಯ ದಪ್ಪ ಪುಸ್ತಕ ಓದಿ ದಿಢೀರ್ ಪಂಡಿತನಾಗಿದ್ದ ಅವನು ಲಾಸ್ ಗ್ಯಾಟೋಸಿನ ಮುದುಕಿಯೊಬ್ಬಳ ಮನೆಯಲ್ಲಿ ಅದನ್ನು ಕಂಡು, ಹೆಂಡತಿ ವಸುಧಾಳ ತಮ್ಮನ ಮದುವೆಗೆ ಮೈಸೂರಿಗೆ ಹೋಗಲು ಕೂಡಿಟ್ಟ ವಿಮಾನದ ಟಿಕೆಟ್ಟಿನ ದುಡ್ಡನ್ನೆಲ್ಲ ಸುರಿದು ಕೊಂಡಿದ್ದ. ಹರಾಜಿನ ಅಂಗಡಿಯವರು ಒಳಗಿನ ಮುದ್ರೆ ನೋಡಿ, "ಅಸಲಿ. ಸೋಮವಾರ ತನ್ನಿ, ಹರಾಜಿಗಿಡೋಣ" ಎಂದಿದ್ದರು. ವಸುಧಾಳಿಗೆ ಮಾತ್ರ, ಹಳೇ ಸಾಮಾನಿನ ಫ್ಲೀ ಮಾರ್ಕೆಟ್ಟಿನ ಹಿತ್ತಾಳೆ ಕಸ ಎಂದು ಹೇಳಿಟ್ಟಿದ್ದ.

"ಏನ್ರೀ ಹುಡುಕ್ತಿದೀರಾ?"

"ಆ ನೀಲಿ ಡಬ್ಬಿ."

"ಅದಾ? ನಿನ್ನೆ ಶ್ರಾವಣ ಶುಕ್ರವಾರ ಅಂತ ಕ್ಯುಪರ್ಟಿನೋ ಪದ್ಮಜಾ ಅರಿಶಿನ ಕುಂಕುಮಕ್ಕೆ ಬಂದಿದ್ರು. ಕುಂಕುಮ ತುಂಬಿ ಕೊಟ್ಬಿಟ್ಟೆ."

"ಬ್ಲೌಸ್ ಪೀಸ್ ಕೊಡಬಾರದಿತ್ತೇನೆ?"

"ಇದ್ದಿದ್ದೊಂದು, ಹೋದ ಸಲ ಅವರೇ ಕೊಟ್ಟಿದ್ದು. ಕಸ ತಾನೇ, ಯಾಕೆ ಅಷ್ಟು ಬೆವರ್ತಿದೀರಾ?"

"ವಾಪಸ್ ತರ್ತೀನಿ."

"ಮುತ್ತೈದೆಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ನಾನು ಯಾರ ಮನೆಗೂ ಹೋಗೋ ಹಾಗಿಲ್ಲ ಆಮೇಲೆ. ಅದಿರಲಿ, ಟಿಕೆಟ್ ಆಯ್ತಾ?"

"ಸೋಮವಾರ" ಎಂದು ಗುರುಪ್ರಸಾದ ಕಾರ್ಪೆಟ್ಟಿಗೆ ಉತ್ತರಿಸಿದ.

ಕ್ಯುಪರ್ಟಿನೋವರೆಗೆ ಫ್ರೀವೇ ಉದ್ದಕ್ಕೂ ಉಪಾಯ ಹೊಸೆದ. ಕೇಳಬಾರದು ನಿಜ; ಅವರಾಗಿಯೇ ಕೊಡುವಂತೆ ಮಾಡಬಹುದಲ್ಲ?

ಪದ್ಮಜಾ ಬಾಗಿಲು ತೆರೆದು ಒಳಗೆ ಕರೆದರು. ಡಬ್ಬಿ ದೇವರ ದೀಪದ ಮುಂದೆ ಥಳಥಳಿಸುತ್ತಿತ್ತು.

"ನೋಡಿ, ವಸುಧಾ ತಿಳೀದೆ ಕೊಟ್ಬಿಟ್ಟಿದಾಳೆ. ಅದು ಬರೀ ಹಿತ್ತಾಳೆ, ಬಣ್ಣ ಎದ್ದು ಹೋಗುತ್ತೆ. ನಿಮಗೆ ಬೆಳ್ಳಿ ಭರಣಿ ತಂದ್ಕೊಡ್ತೀನಿ."

"ನಿಜವಾಗ್ಲೂ ಹಿತ್ತಾಳೇನಾ? ದೇವರ ಮುಂದೆ ನಿಂತಿದೀರ, ಸರಿಯಾಗಿ ಹೇಳಿ."

"ದೇವರಾಣೆಗೂ."

ಪದ್ಮಜಾ ನಿಟ್ಟುಸಿರುಬಿಟ್ಟರು. "ಸದ್ಯ, ಮನಸ್ಸು ಹಗುರಾಯ್ತು. ನಮ್ಮನೆಯವರು ತೂಕ ನೋಡಿ, ಇದು ಚಿನ್ನವೇ ಇರಬೇಕು, ಅಷ್ಟು ದೊಡ್ಡದನ್ನ ಇಟ್ಕೋಬಾರದು, ಕೊಟ್ಟು ಬಾ ಅಂತ ಒಂದೇ ಹಠ. ಈಗ ನಿಮ್ಮನೆಗೇ ಹೊರಟಿದ್ದೆ." ಕೈಯಲ್ಲಿದ್ದ ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿದರು. "ಹಿತ್ತಾಳೆ ಅಂದ್ಮೇಲೆ ಏನು ಸಂಕೋಚ? ಬೆಳ್ಳಿ ಗಿಳ್ಳಿ ಏನೂ ಬೇಡ. ನಾನಿರೋವರೆಗೂ ಇದು ಇಲ್ಲೇ ಇರುತ್ತೆ."

ಗುರುಪ್ರಸಾದನ ಬಾಯಿ ತೆರೆಯಿತು. ಆದರೆ ದೇವರ ಆಣೆ ಅದಾಗಲೇ ಹೊರಬಿದ್ದಿತ್ತು.

"ಅಂದ ಹಾಗೆ, ಮದುವೆಗೆ ಮೈಸೂರಿಗೆ ಹೊರಟಿದೀರಂತಲ್ಲ" ಎನ್ನುತ್ತ ಪದ್ಮಜಾ ಒಳಗಿನಿಂದ ದೊಡ್ಡದೊಂದು ಸೂಟ್‌ಕೇಸನ್ನು ಎಳೆದುತಂದರು. "ನಮ್ಮಮ್ಮನಿಗೆ ಇಷ್ಟು ತಲುಪಿಸಿಬಿಡಿ. ಹೇಗೂ ಖಾಲಿ ಕೈಯಲ್ಲಿ ಹೋಗ್ತಿದೀರಲ್ಲ."